ನಗರಸಭೆಯ ನರ್ಸರಿಯಲ್ಲಿ ಬೌದ್ಧಿಕ ವಿಕಲತೆ ಇರುವವರ ಕೆಲಸ: ಪ್ರಮಾಣಪತ್ರದಿಂದ ಮೊದಲ ಆರು ತಿಂಗಳವರೆಗೆ

ಹದಿನೆಂಟು ತುಂಬಿದ ಮೇಲೆ ವಿಕಲಚೇತನ ಪ್ರಮಾಣಪತ್ರವನ್ನು ಹೊಸದಾಗಿ ಮಾಡಿಸಿಕೊಂಡೇ ನಗರಸಭೆಯ ಮೆಟ್ಟಿಲು ಹತ್ತಬೇಕು. ಇಂಥವರಿಗೆ ಕೆಲಸ ಹುಡುಕಿಕೊಡುವ ನಮ್ಮ ಬಳಿ ಬರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಮಗನೋ ಮಗಳೋ ಶಾಲೆಯಲ್ಲಿದ್ದಾಗ ಮಾಡಿಸಿದ ಪತ್ರವನ್ನೇ ಲ್ಯಾಮಿನೇಟ್ ಮಾಡಿಸಿ ತಂದಿರುತ್ತಾರೆ. ಕೆಲಸದ ಅರ್ಜಿಗೆ ಅದು ನಡೆಯುವುದಿಲ್ಲ. ಕೇಂದ್ರದ ಮಾರ್ಗಸೂಚಿಯಂತೆ ಬೌದ್ಧಿಕ ವಿಕಲತೆಯ ಪತ್ರವನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು; 18ಕ್ಕೆ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತದೆ. ವಿಕಲಚೇತನರ ಗುರುತಿನ ಚೀಟಿಯ (ಯುಡಿಐಡಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಆಸ್ಪತ್ರೆಗೆ ಹೋಗುವ ಮುನ್ನ ಫೋನ್ ಮಾಡಿ, ಪರೀಕ್ಷೆ ಮಾಡುವ ಮನಃಶಾಸ್ತ್ರಜ್ಞರು (ಕ್ಲಿನಿಕಲ್ ಸೈಕಾಲಜಿಸ್ಟ್) ಯಾವ ವಾರ ಕೂರುತ್ತಾರೆ ಎಂದು ಕೇಳಿಕೊಳ್ಳಿ. ಅವರಿಲ್ಲದ ದಿನ ಹೋದರೆ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಜಿಲ್ಲಾಸ್ಪತ್ರೆಯಲ್ಲಿ ಸೌಲಭ್ಯವಿಲ್ಲದಿದ್ದರೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ವಾಕ್-ಶ್ರವಣ ಸಂಸ್ಥೆಯಾದ ಮೈಸೂರಿನ ಆಯಿಷ್ ಇವೆ.

ಪರೀಕ್ಷೆಯಲ್ಲಿ ಎರಡು ಭಾಗ. ಒಂದು ಬುದ್ಧಿಮಟ್ಟದ ಪರೀಕ್ಷೆ. ನಮ್ಮ ಕಡೆ ಈಗಲೂ ಬಹಳ ಕಡೆ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಹಿಂದೆಯೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದರು. ಇನ್ನೊಂದು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಅಳತೆ; ಇದನ್ನು ಮನೆಯವರನ್ನು ಕೇಳಿ ತುಂಬುತ್ತಾರೆ. ಎಡವಟ್ಟಾಗುವುದು ಹೆಚ್ಚಾಗಿ ಈ ಎರಡನೆಯದರಲ್ಲಿ. ‘ತಾನೇ ಸ್ನಾನ ಮಾಡ್ತಾನಾ?’ ಎಂದು ಕೇಳಿದರೆ ಅಮ್ಮ ‘ಇಲ್ಲ ಸರ್, ನಾನೇ ಮಾಡಿಸೋದು’ ಎನ್ನುತ್ತಾರೆ. ಮಗನಿಗೆ ಬರುವುದಿಲ್ಲವೋ, ಅಮ್ಮ ಇದುವರೆಗೆ ಬಿಟ್ಟಿಲ್ಲವೋ ಎಂಬುದು ಆ ಉತ್ತರದಲ್ಲಿ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆಗೆ ಒಂದು ತಿಂಗಳ ಮುಂಚೆಯೇ ಸ್ನಾನ, ಗುಂಡಿ ಹಾಕುವುದು, ಅಂಗಡಿಯಿಂದ ಒಂದು ಸಾಮಾನು ತರುವುದು, ಇವನ್ನೆಲ್ಲ ಅವರಿಗೇ ಬಿಟ್ಟು ನೋಡಿ ಎಂದು ನಾವು ಮನೆಯವರಿಗೆ ಹೇಳುತ್ತೇವೆ. ಅಂಕ ಹೆಚ್ಚಿಸಿಕೊಳ್ಳಲಿ ಎಂದಲ್ಲ. ನಿಜ ಗೊತ್ತಿದ್ದರೆ ಮುಂದೆ ಕೆಲಸ ಹುಡುಕುವ ನಮಗೂ ಅನುಕೂಲ. ವೈನ್‌ಲ್ಯಾಂಡ್ ಅಂಕ 55ರಿಂದ 69 ಇದ್ದರೆ ಸೌಮ್ಯ, ಅಂದರೆ ಪತ್ರದಲ್ಲಿ ಶೇ. 50 ವಿಕಲತೆ; 36ರಿಂದ 54 ಇದ್ದರೆ ಮಧ್ಯಮ, ಅಂದರೆ ಶೇ. 75. ಮೀಸಲಾತಿಗೆ ಬೇಕಾದ ಕನಿಷ್ಠ ಶೇ. 40ರ ಗೆರೆಯನ್ನು ಇಬ್ಬರೂ ದಾಟುತ್ತಾರೆ. ಶೇ. 75 ಎಂದು ಬರೆದಿರುವ ವ್ಯಕ್ತಿ ಶೇ. 50ರವರಿಗಿಂತ ಕೆಲಸದಲ್ಲಿ ಹಿಂದೆ ಎಂದು ಮಾತ್ರ ತಿಳಿಯಬೇಡಿ. ನಾವು ಕಂಡಂತೆ ಬಹಳ ಸಲ ಅದು ತಿರುವುಮುರುವು.

ಶಿಕ್ಷಣದ ಕಾಗದ ಇನ್ನೊಂದು ಗಂಟು. ವಿಶೇಷ ಶಾಲೆಯಲ್ಲಿ ಹದಿನೈದು ವರ್ಷ ಕಲಿತರೂ ಕೈಯಲ್ಲಿ ತರಗತಿಯ ಪತ್ರ ಇರುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಅವು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಶಾಲೆಯಲ್ಲಿರುವಾಗಲೇ ಇದನ್ನು ಕಟ್ಟಿಸಿಬಿಡಿ. ಇಪ್ಪತ್ತೈದರ ಮೇಲೆ ಪುಸ್ತಕ ಹಿಡಿಸುವುದು ಎಲ್ಲರಿಗೂ ಕಷ್ಟ.

ಹುದ್ದೆಗೆ ಮೂರು ದಾರಿ

ಮೊದಲನೆಯದು ಮೀಸಲಾತಿ. 1995ರ ವಿಕಲಚೇತನರ ಕಾಯ್ದೆಯ ಶೇ. 3 ಮೀಸಲಾತಿ ಅಂಧತ್ವ, ಶ್ರವಣದೋಷ ಮತ್ತು ಚಲನವೈಕಲ್ಯಕ್ಕೆ ಮಾತ್ರ ಇತ್ತು. ಬೌದ್ಧಿಕ ವಿಕಲತೆ ಆ ಪಟ್ಟಿಯಲ್ಲೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಾಗ ಅದರ 34ನೇ ಕಲಮು ಮೀಸಲಾತಿಯನ್ನು ಕನಿಷ್ಠ ಶೇ. 4ಕ್ಕೆ ಏರಿಸಿತು. ಹೊಸದಾಗಿ ಬಂದ ಆ ಶೇ. 1ರಲ್ಲಿ ಆಟಿಸಂ, ಬೌದ್ಧಿಕ ವಿಕಲತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಒಂದು ಗುಂಪು. ಬಹುವಿಕಲತೆ ಇನ್ನೊಂದು ಗುಂಪು. ಹೀಗೆ ಪಾಲು ಸಿಕ್ಕಿತು, ಆದರೆ ಅದೇ ಕಲಮಿನಲ್ಲಿ ಸೋರಿಕೆಯೂ ಇದೆ. ಈ ಗುಂಪಿನಿಂದ ಅರ್ಹರು ಸಿಗದಿದ್ದರೆ ಹುದ್ದೆಯನ್ನು ಮುಂದಿನ ನೇಮಕಾತಿ ವರ್ಷಕ್ಕೆ ಸಾಗಿಸಬೇಕು. ಆಗಲೂ ಸಿಗದಿದ್ದರೆ ಬೇರೆ ವಿಕಲತೆಯ ಗುಂಪಿಗೆ ಅದಲುಬದಲು ಮಾಡಬಹುದು. ಅರ್ಜಿಯೇ ಹಾಕದೆ ಎರಡು ಸುತ್ತು ಕಳೆದರೆ ಹುದ್ದೆ ಕೈತಪ್ಪಿದಂತೆಯೇ. ಆದ್ದರಿಂದ ಆಯ್ಕೆಯಾಗುವ ಆಸೆ ಕಡಿಮೆ ಇದ್ದರೂ ಗ್ರೂಪ್ ಡಿ ಅಧಿಸೂಚನೆ ಬಂದಾಗ ಅರ್ಜಿ ಹಾಕಿಸುವುದನ್ನು ನಾವು ಬಿಡುವುದಿಲ್ಲ. ಅರ್ಜಿಗಳ ದಾಖಲೆ ಇದ್ದರೆ ‘ಅಭ್ಯರ್ಥಿಗಳೇ ಇಲ್ಲ’ ಎಂದು ಟಿಪ್ಪಣಿ ಬರೆಯಲು ಬರುವುದಿಲ್ಲ.

ಎರಡನೆಯದು ಹೊರಗುತ್ತಿಗೆ. ಉದ್ಯಾನ ನಿರ್ವಹಣೆ, ನರ್ಸರಿ, ಕಚೇರಿಯ ಸಹಾಯಕರ ಕೆಲಸ ಹಲವು ಊರುಗಳಲ್ಲಿ ಏಜೆನ್ಸಿಯ ಮೂಲಕವೇ ನಡೆಯುತ್ತದೆ. ಬೇಗ ಸಿಗುವುದು ಈ ದಾರಿಯಲ್ಲಿ, ಬೇಗ ಹೋಗುವುದೂ ಇದರಲ್ಲೇ. ಮೂರನೆಯದು ಸಂಸ್ಥೆಯೋ ಸ್ವಸಹಾಯ ಗುಂಪೋ ನಗರಸಭೆಯೊಂದಿಗೆ ಒಪ್ಪಂದ ಮಾಡಿಕೊಂಡು ಒಣಕಸ ಘಟಕ ಅಥವಾ ನರ್ಸರಿಯನ್ನು ನಡೆಸುವುದು. ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರಗಳಲ್ಲಿ ಎಷ್ಟನ್ನೋ ಚಿಂದಿ ಆಯುವವರೇ ಇಂಥ ಒಪ್ಪಂದದ ಮೇಲೆ ನಡೆಸುತ್ತ ಬಂದಿದ್ದಾರೆ. ಈ ದಾರಿಯಲ್ಲಿ ಕೆಲಸ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಹೆಚ್ಚು. ಆದರೆ ಒಂದೇ ಕಡೆ ಹತ್ತು ಮಂದಿ ಬೌದ್ಧಿಕ ವಿಕಲತೆಯವರನ್ನೇ ಕೂರಿಸಿದರೆ ಅದು ಹಳೆಯ ವೃತ್ತಿ ತರಬೇತಿ ಕೇಂದ್ರದ ಇನ್ನೊಂದು ರೂಪವಾಗುತ್ತದೆ. ನಾಲ್ಕೈದು ಸಾಮಾನ್ಯ ಕೆಲಸಗಾರರ ನಡುವೆ ಒಬ್ಬರು, ಹೆಚ್ಚೆಂದರೆ ಇಬ್ಬರು ಎಂಬ ಅಳತೆಯನ್ನು ನಾವು ಇಟ್ಟುಕೊಂಡಿದ್ದೇವೆ.

ಮೊದಲು ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸಕ್ಕೆ ಕಳಿಸುವುದು ಹಳೆಯ ಕ್ರಮ. ಕ್ಯಾಂಡಲ್, ಪೇಪರ್ ಕವರ್ ಮಾಡುತ್ತಲೇ ಮೂವತ್ತು ದಾಟಿದವರು ಪ್ರತಿ ಊರಲ್ಲೂ ಇದ್ದಾರೆ. ಬೌದ್ಧಿಕ ವಿಕಲತೆ ಇರುವವರಿಗೆ ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಒಯ್ಯುವುದೇ ಕಷ್ಟ. ಕೇಂದ್ರದ ಮೇಜಿನ ಮೇಲೆ ಕಲಿತ ಕೆಲಸ ನರ್ಸರಿಯ ನೆಲಕ್ಕೆ ಬರುವುದಿಲ್ಲ. ಮೊದಲು ಕೆಲಸದ ಜಾಗಕ್ಕೆ ಸೇರಿಸಿ ಅಲ್ಲೇ ಕಲಿಸಬೇಕು; ಕಲಿಸುವ ಜಾಬ್ ಕೋಚ್ ಅಲ್ಲೇ ಜೊತೆಗಿದ್ದು ಕ್ರಮೇಣ ಹಿಂದೆ ಸರಿಯಬೇಕು. ಅಮೆರಿಕದಲ್ಲಿ ಇದು 1986ರ ಪುನರ್ವಸತಿ ಕಾಯ್ದೆ ತಿದ್ದುಪಡಿಯಿಂದ ಸರ್ಕಾರಿ ಕಾರ್ಯಕ್ರಮವೇ ಆಯಿತು. ಅದಕ್ಕೂ ಮುಂಚೆ ಮಾರ್ಕ್ ಗೋಲ್ಡ್ ಎಂಬವರು, ಏನೂ ಕಲಿಯಲಾರರು ಎಂದು ಪಕ್ಕಕ್ಕಿಟ್ಟಿದ್ದವರಿಗೆ 15 ಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಹಂತ ಹಂತವಾಗಿ, ಹೆಚ್ಚು ಮಾತಿಲ್ಲದೆ ಕಲಿಸಿ ತೋರಿಸಿದ್ದರು. ಕೆಲಸವನ್ನು ಹಂತಗಳಾಗಿ ಬಿಡಿಸುವ ಅದೇ ಕ್ರಮ ನಮ್ಮ ನರ್ಸರಿಯಲ್ಲೂ ನಡೆಯುತ್ತದೆ.

ಚೀಲ ತುಂಬುವ ಕೆಲಸ

ಪೌರಾಯುಕ್ತರ ಬಳಿ ಹೋಗಿ ‘ನಮ್ಮ ಮಕ್ಕಳಿಗೆ ಏನಾದರೂ ಕೆಲಸ ಕೊಡಿ ಸರ್’ ಎಂದರೆ ‘ನೋಡೋಣ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ಮೂರ್ನಾಲ್ಕು ದಿನ ನರ್ಸರಿಯಲ್ಲೋ ಜನನ-ಮರಣ ಶಾಖೆಯಲ್ಲೋ ಕುಳಿತು ಯಾವ ಕೆಲಸ ಬಾಕಿ ಬೀಳುತ್ತಿದೆ ಎಂದು ನೋಡಿ, ಅದನ್ನು ಬರೆದುಕೊಂಡು ಹೋಗಬೇಕು. ನರ್ಸರಿಯಲ್ಲಿ ಬಾಕಿ ಬೀಳುವುದು ಸಸಿ ಬೆಳೆಸುವ ಚೀಲಗಳಿಗೆ ಮಣ್ಣು ತುಂಬುವ ಕೆಲಸ. ಮಳೆಗಾಲದ ವನಮಹೋತ್ಸವಕ್ಕೆ ಹೊಂಗೆ, ಬೇವು, ಮಹಾಗನಿ ಸಸಿ ಬೇಕೆಂದರೆ ಬೇಸಿಗೆಯಲ್ಲೇ ಚೀಲ ತುಂಬಿರಬೇಕು. ಮಾಲಿಗೆ ನೀರು ಹಾಯಿಸುವುದು, ಕಸಿ, ಪಾರ್ಕಿನ ಹೆಡ್ಜ್ ಕತ್ತರಿಸುವುದು ಎಲ್ಲ ಇರುವುದರಿಂದ ಚೀಲ ತುಂಬಲು ಕೈ ಸಾಲುವುದಿಲ್ಲ. ಇದನ್ನು ತೋರಿಸಿದಾಗ ಮಾತುಕತೆಯ ರೀತಿಯೇ ಬದಲಾಗುತ್ತದೆ.

ಕೆಲಸವನ್ನು ಬಿಡಿಸುವಾಗ ಅಂದಾಜು ಬೇಕಾದ ಹಂತಗಳನ್ನು ಮಾಲಿಗೆ ಬಿಡುತ್ತೇವೆ. ಕೆಂಪು ಮಣ್ಣು 2 ಪಾಲು, ಮರಳು 1, ಕೊಟ್ಟಿಗೆ ಗೊಬ್ಬರ 1 ಸೇರಿಸಿ ನೀರು ಚಿಮುಕಿಸಿ ಹದ ಮಾಡುವುದು ಮಾಲಿಯ ಕೆಲಸ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು. ಒಣಗಿದ್ದರೆ ಚೀಲದ ತೂತುಗಳಿಂದ ಮಣ್ಣು ಸುರಿದುಹೋಗುತ್ತದೆ. ನೀರು ಹೆಚ್ಚಾದರೆ ಮುದ್ದೆಯಾಗಿ ನಡುವೆ ಟೊಳ್ಳು ಉಳಿಯುತ್ತದೆ. ಮೊದಲ ವಾರ ಚೀಲ ಸರಿ ಬರುತ್ತಿಲ್ಲ ಎಂಬ ದೂರು ಬಂದಾಗಲೆಲ್ಲ ನಾವು ಮೊದಲು ಮುಟ್ಟಿ ನೋಡುವುದು ಮಣ್ಣನ್ನು. ತುಂಬುವವರ ಕೈಯಲ್ಲಿ ದೋಷವಿರುವುದು ಅಪರೂಪ.

ಉಳಿದದ್ದು ಹೀಗೆ. 6×9 ಇಂಚಿನ ಕಪ್ಪು ಚೀಲಗಳ ಕಟ್ಟಿನಿಂದ ಒಂದನ್ನು ಎಳೆಯಬೇಕು. ಬಾಯಿ ಉಜ್ಜಿ ಬಿಡಿಸಬೇಕು. ಚೀಲಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಡೌನ್ ಸಿಂಡ್ರೋಮ್ ಇರುವ, ಬೆರಳು ಗಿಡ್ಡವಾಗಿ ಹಿಡಿತ ಸಡಿಲವಾದವರು ಇಲ್ಲೇ ನಿಂತುಬಿಡುತ್ತಾರೆ. ಪಕ್ಕದಲ್ಲಿ ಒದ್ದೆ ಸ್ಪಂಜು ಇಟ್ಟರೆ ಬೆರಳು ಒತ್ತಿಕೊಂಡು ಬಿಡಿಸಬಹುದು. ಆಮೇಲೆ ಒಂದು ಗೇಣುದ್ದದ ಪಿವಿಸಿ ಪೈಪಿನ ತುಂಡನ್ನು ಚೀಲದೊಳಗೆ ಇಳಿಸಬೇಕು. 6 ಇಂಚು ಅಗಲದ ಚೀಲಕ್ಕೆ 90 ಮಿಲಿಮೀಟರ್ ಪೈಪ್ ಸರಿಯಾಗುತ್ತದೆ. 110ರದ್ದು ತಂದರೆ ಚೀಲ ಹರಿಯುತ್ತದೆ. ಪೈಪಿನ ಬಾಯಿಯನ್ನು ಮರಳುಕಾಗದದಿಂದ ಉಜ್ಜಿ ನಯ ಮಾಡಿರಬೇಕು. ಚೀಲ ನೆಟ್ಟಗೆ ನಿಲ್ಲುವುದರಿಂದ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ತುಂಬುವ ಕಷ್ಟ ತಪ್ಪುತ್ತದೆ. ಎರಡು ಅಳತೆಗೆ ಸರಿಯಾಗಿ ಚೀಲ ತುಂಬುವಂತೆ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬವನ್ನು ಕತ್ತರಿಸಿ ಇಟ್ಟಿರುತ್ತೇವೆ. ಒಂದು ಡಬ್ಬ ಹಾಕು, ಎರಡು ಸಲ ಕುಟ್ಟು. ಇನ್ನೊಂದು ಡಬ್ಬ ಹಾಕು, ಪೈಪ್ ಎಳೆ, ಎರಡು ಸಲ ಕುಟ್ಟು. ಕುಟ್ಟದಿದ್ದರೆ ತಳದ ಮೂಲೆಗಳು ಖಾಲಿ ಉಳಿದು ಸಸಿ ವಾಲುತ್ತದೆ. ಮೇಲೆ ಒಂದಿಂಚು ಜಾಗ ಬಿಡಬೇಕು, ಇಲ್ಲದಿದ್ದರೆ ಹಾಕಿದ ನೀರು ನಿಲ್ಲದೆ ಹರಿದುಹೋಗುತ್ತದೆ. ‘ಒಂದಿಂಚು’ ಎಂದು ಹೇಳುವ ಬದಲು ಕೆಂಪು ಬಣ್ಣ ಬಳಿದ ಒಂದು ಕಡ್ಡಿ ಕೊಡುತ್ತೇವೆ. ಅದನ್ನು ಮಣ್ಣಿನ ಮೇಲೆ ನಿಲ್ಲಿಸಿದರೆ ಕೆಂಪು ಗೆರೆ ಚೀಲದ ಅಂಚಿಗೆ ಬರಬೇಕು. ಕೊನೆಗೆ ಹಲಗೆಗೆ ತಾಗಿಸಿ ಸಾಲಾಗಿ ಇಡುವುದು. ಹಲಗೆಯ ಉದ್ದ 10 ಚೀಲಕ್ಕೆ ಸರಿ. ಹತ್ತು ಸಾಲಾದರೆ ನೂರು. ಎಣಿಕೆ ಬಾರದವರೂ ನೂರನ್ನು ತಪ್ಪದೆ ಕೊಡುತ್ತಾರೆ.

ಕಲಿಸುವಾಗ ನಮ್ಮ ಬಾಯಿ ಹೆಚ್ಚಾಗುವುದೇ ದೊಡ್ಡ ತೊಡಕು. ‘ಹಾಂ, ಹಾಗೇ, ಇನ್ನೊಂದು ಸ್ವಲ್ಪ, ಬೇಡ ಬೇಡ, ಆ ಕಡೆ’ ಎನ್ನುತ್ತ ಹೋದರೆ ಕಲಿಯುವವರು ಕೆಲಸ ಬಿಟ್ಟು ನಮ್ಮ ಮುಖ ನೋಡುತ್ತಾರೆ. ಆ ಅಭ್ಯಾಸ ಒಮ್ಮೆ ಬಿದ್ದರೆ ಕೋಚ್ ಇಲ್ಲದ ದಿನ ಕೈ ಓಡುವುದಿಲ್ಲ. ಮೊದಲು ಸುಮ್ಮನಿದ್ದು ಐದು ಸೆಕೆಂಡ್ ಕಾಯಬೇಕು. ಆಗದಿದ್ದರೆ ಬೆರಳು ತೋರಿಸಬೇಕು. ಆಮೇಲೆ ಒಂದೇ ಮಾತು: ‘ಕುಟ್ಟು’. ಆಮೇಲೆ ಮಾಡಿ ತೋರಿಸುವುದು. ಕೈ ಹಿಡಿದು ಮಾಡಿಸುವುದು ಕಡೆಯದು, ಅದೂ ಅವರನ್ನು ಕೇಳಿ. ಆಟಿಸಂ ಇರುವ ಹಲವರಿಗೆ ಹಿಂದಿನಿಂದ ಮುಟ್ಟಿದರೆ ಆಗುವುದಿಲ್ಲ. ಪ್ರತಿ ಹಂತದ ಮುಂದೆ ಯಾವ ಮಟ್ಟದ ಸಹಾಯ ಬೇಕಾಯಿತು ಎಂದು ಒಂದು ಹಾಳೆಯಲ್ಲಿ ದಿನಕ್ಕೊಮ್ಮೆ ಗುರುತು ಹಾಕುತ್ತೇವೆ. ಇದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ‘ಅವನಿಗೆ ಬರಲ್ಲ ಬಿಡಿ’ ಎಂದು ಮೇಸ್ತ್ರಿ ಹೇಳಿದ ದಿನ ಹಾಳೆ ನೋಡಿದರೆ ಎಂಟು ಹಂತ ತಾನೇ ಮಾಡುತ್ತಿದ್ದಾನೆ, ಚೀಲದ ಬಾಯಿ ಬಿಡಿಸುವ ಒಂದೇ ಹಂತ ಉಳಿದಿದೆ ಎಂದು ಕಾಣುತ್ತದೆ. ಆಗ ಸರಿಪಡಿಸಬೇಕಾದದ್ದು ಆ ಒಂದನ್ನೇ. ವೇಗದ ಮಾತನ್ನು ಮೊದಲ ತಿಂಗಳು ನಾವು ಎತ್ತುವುದೇ ಇಲ್ಲ. ಸರಿಯಾಗಿ ಬಂದ ಮೇಲೆ ವೇಗ ತಾನಾಗಿ ಸ್ವಲ್ಪ ಏರುತ್ತದೆ, ಅವಸರದಲ್ಲಿ ಕಲಿತ ತಪ್ಪನ್ನು ಬಿಡಿಸುವುದು ಮಾತ್ರ ಬಹಳ ಕಷ್ಟ.

ಮೊದಲ ಎರಡು ವಾರ ಕೋಚ್ ಪೂರ್ತಿ ಹೊತ್ತು ಇರುತ್ತಾರೆ, ಆಮೇಲೆ ಬೆಳಿಗ್ಗೆ ಮತ್ತು ಕೆಲಸ ಬದಲಾಗುವ ಹೊತ್ತಿಗೆ ಮಾತ್ರ. ಎರಡನೇ ತಿಂಗಳಿಂದ ವಾರಕ್ಕೆ ಎರಡು ಭೇಟಿ, ನಾಲ್ಕನೆಯದರಿಂದ ಹದಿನೈದು ದಿನಕ್ಕೊಮ್ಮೆ. ಸರಿಯುವುದನ್ನು ಮುಂಚೆಯೇ ಮೇಸ್ತ್ರಿಗೆ ಹೇಳಿರಬೇಕು. ಹೇಳದೆ ಸರಿದರೆ ‘ನಿಮ್ಮೋರು ಕೈಬಿಟ್ರು’ ಎಂಬ ಭಾವನೆ ಬರುತ್ತದೆ, ಅದರ ಫಲ ಅನುಭವಿಸುವುದು ಕೆಲಸಗಾರ.

ಋತು ಬದಲಾದಾಗ ಇನ್ನೊಂದು ಪೆಟ್ಟು. ಜೂನ್-ಜುಲೈನಲ್ಲಿ ಸಸಿಗಳೆಲ್ಲ ಲಾರಿ ಹತ್ತಿ ಹೋದರೆ ತುಂಬಲು ಚೀಲವೇ ಇಲ್ಲ. ಮೂರು ತಿಂಗಳು ಒಂದೇ ಕೆಲಸಕ್ಕೆ ಒಗ್ಗಿಕೊಂಡವರಿಗೆ, ಅದರಲ್ಲೂ ಆಟಿಸಂ ಇರುವವರಿಗೆ, ಒಂದು ಬೆಳಿಗ್ಗೆ ‘ಇವತ್ತು ಕಳೆ ಕೀಳು’ ಎಂದರೆ ತಲೆ ಕೆಟ್ಟಂತಾಗುತ್ತದೆ. ಮೇ ತಿಂಗಳಿಂದಲೇ ದಿನದ ಕೊನೆಯ ಅರ್ಧ ಗಂಟೆ ಕಳೆ ಕೀಳುವುದು, ಚೀಲಗಳನ್ನು ಜಾಗ ಬದಲಿಸುವುದು (ಬೇರು ನೆಲಕ್ಕೆ ಇಳಿಯದಿರಲು ಇದನ್ನು ಆಗಾಗ ಮಾಡಲೇಬೇಕು), ಒಣಗಿದ ಎಲೆ ಗುಡಿಸುವುದು ಶುರು ಮಾಡಿಸುತ್ತೇವೆ. ಕಳೆ ಯಾವುದು, ಸಸಿ ಯಾವುದು ಎಂಬ ಗೊಂದಲ ತಪ್ಪಿಸಲು ಮೊದಲು ಒಂದೇ ಜಾತಿಯ ಸಸಿಯ ಮಡಿಯನ್ನು ಕೊಡಬೇಕು.

ಒಣಕಸ ಘಟಕದಲ್ಲೂ ಇದೇ ಕ್ರಮ ನಡೆಯುತ್ತದೆ, ಒಂದು ಎಚ್ಚರಿಕೆಯೊಂದಿಗೆ. ಗುಡ್ಡೆಯನ್ನೆಲ್ಲ ಬಗೆಬಗೆಯಾಗಿ ವಿಂಗಡಿಸು ಎಂದರೆ ಯಾರೂ ಮೊದಲ ದಿನ ಮಾಡಲಾರರು. ನೀರಿನ ಪ್ಲಾಸ್ಟಿಕ್ (ಪೆಟ್) ಬಾಟಲಿ ಮಾತ್ರ ಆರಿಸು, ಉಳಿದದ್ದನ್ನು ಮುಟ್ಟಬೇಡ ಎಂದು ಶುರು ಮಾಡಿ. ಅದು ಪಕ್ಕಾ ಆದ ಮೇಲೆ ಹಾಲಿನ ಕವರ್, ಆಮೇಲೆ ರಟ್ಟು. ಗಾಜು, ಬ್ಲೇಡು, ಸಿರಿಂಜು ಮೇಜಿಗೆ ಬರುವ ಮುಂಚೆ ಬೇರೆಯವರು ತೆಗೆದಿರಬೇಕು. ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ ಹಾಕಿಸದೆ ಸೇರಿಸಬೇಡಿ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇರುವವರಿಗೆ ಈ ಕೆಲಸ ಬೇಡವೇ ಬೇಡ. ಕಸವನ್ನು ಒತ್ತಿ ಕಟ್ಟು (ಬೇಲ್) ಮಾಡುವ ಪ್ರೆಸ್ ಯಂತ್ರದ ಹತ್ತಿರ ಇವರಲ್ಲಿ ಯಾರನ್ನೂ ನಿಲ್ಲಿಸಬೇಡಿ. ಉಳಿದವರು ಒಲ್ಲೆ ಎಂದದ್ದನ್ನು ಇವರ ಕೈಗೆ ತುರುಕುವ ಪ್ರಯತ್ನ ಅಲ್ಲಲ್ಲಿ ನಡೆಯುತ್ತದೆ. ಚರಂಡಿಯ ಹೂಳು, ಶೌಚಾಲಯ ಎಂದಾಗ ನಾವು ನೇರವಾಗಿ ಬೇಡ ಎನ್ನುತ್ತೇವೆ. ಎದುರು ಮಾತಾಡಲಾರದವರಿಗೆ ಕೆಟ್ಟ ಕೆಲಸ ಹಂಚುವುದಕ್ಕೆ ಉದ್ಯೋಗ ಎಂಬ ಹೆಸರು ಕೊಡಲು ನಾವು ಒಪ್ಪುವುದಿಲ್ಲ.

ಜೊತೆಯವರು

ಕೆಲಸ ಹೋಗುವುದು ಬಹುಪಾಲು ಚಹಾ ಹೊತ್ತಿನಲ್ಲಿ. ಚೀಲ ತುಂಬುವುದನ್ನು ನಾವು ಹಂತ ಹಂತವಾಗಿ ಕಲಿಸಿರುತ್ತೇವೆ. ಹದಿನೈದು ನಿಮಿಷದ ಬಿಡುವಿನಲ್ಲಿ ಏನು ಮಾಡಬೇಕೆಂದು ಕಲಿಸಿರುವುದಿಲ್ಲ. ಒಬ್ಬರು ಬೀಡಿ ತರಲು ಕಳಿಸುತ್ತಾರೆ, ಇನ್ನೊಬ್ಬರು ತಮ್ಮ ಪಾಲಿನ ಪೈಪ್ ಎಳೆಸುತ್ತಾರೆ, ಮೂರನೆಯವರು ಸಿನಿಮಾ ಹಾಡಿಗೆ ಕುಣಿಸಿ ಮೊಬೈಲ್‌ನಲ್ಲಿ ಹಿಡಿಯುತ್ತಾರೆ. ಅವನೂ ನಗುತ್ತಾನೆ, ಆದ್ದರಿಂದ ಯಾರಿಗೂ ತಪ್ಪೆನಿಸುವುದಿಲ್ಲ. ಮೊದಲ ದಿನವೇ ಎಲ್ಲರ ಜೊತೆ ಕುಳಿತು ನಾವು ಮೂರು ಮಾತು ಹೇಳುತ್ತೇವೆ: ಇವರಿಗೆ ಕೆಲಸ ಹೇಳುವುದು ಮೇಸ್ತ್ರಿ ಮಾತ್ರ; ಹೆಸರು ಹಿಡಿದು ಕರೆಯಿರಿ, ಇಪ್ಪತ್ತಾರು ವರ್ಷದವರನ್ನು ‘ಪಾಪು’ ಎನ್ನಬೇಡಿ; ವಿಡಿಯೋ ಬೇಡ. ಜೊತೆಗೆ ಅವರ ಆತಂಕವನ್ನೂ ಕೇಳಿಸಿಕೊಳ್ಳಬೇಕು. ವರ್ಷಗಟ್ಟಲೆ ಕಾಯಂ ಆಗದೆ ದುಡಿಯುತ್ತಿರುವ ಪೌರಕಾರ್ಮಿಕರಿಗೆ ‘ನಮ್ಮ ಜಾಗಕ್ಕೆ ಇವರನ್ನು ತರ್ತಿದಾರಾ?’ ಎಂಬ ಅನುಮಾನ ಬರುವುದು ಸಹಜ. ಅವರ ಸಂಘದ ಮುಖಂಡರೊಂದಿಗೆ ಆದೇಶ ಬರುವ ಮುಂಚೆಯೇ ಮಾತಾಡಿದರೆ ಅನುಮಾನ ಅಲ್ಲೇ ಕರಗುತ್ತದೆ. ಆದೇಶ ಬಂದ ಮೇಲೆ ಮಾತಾಡಿದರೆ ಯಾರೂ ನಂಬುವುದಿಲ್ಲ.

ಜೊತೆಯವರಲ್ಲಿ ಒಬ್ಬರು ತಾವಾಗಿಯೇ ನಿಗಾ ಇಡತೊಡಗುತ್ತಾರೆ, ಹೆಚ್ಚಾಗಿ ನಲವತ್ತು ದಾಟಿದ ಒಬ್ಬ ಹೆಂಗಸು. ‘ಏನಪ್ಪಾ, ಊಟ ಆಯ್ತಾ? ಕೈ ತೊಳ್ಕೊಂಡ್ಯಾ?’ ಎಂದು ಕೇಳುವ ಅಕ್ಕ ಅವರು. ಅವರನ್ನು ಗುರುತಿಸಿ, ಕೋಚ್ ಮಾಡುವುದನ್ನು ಅವರಿಗೂ ತೋರಿಸಿಕೊಡಬೇಕು. ಆದರೆ ಎಲ್ಲ ಭಾರವನ್ನೂ ಅವರ ಮೇಲೆ ಹೊರಿಸಬಾರದು. ರಜೆ ಹಾಕಿದ ದಿನ ಏನೂ ನಡೆಯದಂತಾಗುತ್ತದೆ. ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು.

ಯುವತಿಯರ ವಿಷಯದಲ್ಲಿ ನಾವು ಮೊದಲು ನೋಡುವುದು ಶೌಚಾಲಯ. ಪಾರ್ಕಿನ ಶೌಚಾಲಯಕ್ಕೆ ಬೀಗ ಇರುತ್ತದೆ, ಬೀಗದ ಕೈ ಯಾರ ಬಳಿಯೋ ಇರುತ್ತದೆ. ತಿಂಗಳ ದಿನಗಳಲ್ಲಿ ಬಟ್ಟೆ ಬದಲಿಸಲು ಜಾಗವಿಲ್ಲದೆ ಆ ವಾರ ಗೈರುಹಾಜರಾಗಿ, ಕಡೆಗೆ ಕೆಲಸವನ್ನೇ ಬಿಟ್ಟವರಿದ್ದಾರೆ. ಬೀಗದ ಕೈಯ ಒಂದು ನಕಲು ಅವರ ಕೈಗೆ ಬರುವವರೆಗೆ ಸೇರುವ ದಿನಾಂಕವನ್ನು ನಾವು ಮುಂದೂಡುತ್ತೇವೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013 ಇಲ್ಲೂ ಅನ್ವಯಿಸುತ್ತದೆ. ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂದು ತಾಯಿಗೂ ಕೋಚ್‌ಗೂ ಗೊತ್ತಿರಬೇಕು. ‘ಯಾರಾದರೂ ಹೀಗೆ ಮುಟ್ಟಿದರೆ ಹೇಳು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಮಾಡಿಸಿ ಅಭ್ಯಾಸ ಮಾಡಿಸಬೇಕು.

ಮೂರ್ಛೆ ರೋಗ ಜೊತೆಗಿರುವವರು ಸಾಕಷ್ಟಿದ್ದಾರೆ. ಅದನ್ನು ಮುಚ್ಚಿಟ್ಟು ಸೇರಿಸುವುದು ಬೇಡ. ನೀರಿನ ತೊಟ್ಟಿಯ ಅಂಚು, ಏಣಿ, ಹುಲ್ಲು ಕತ್ತರಿಸುವ ಯಂತ್ರದಿಂದ ದೂರವಿಟ್ಟರೆ ಉಳಿದ ಕೆಲಸಕ್ಕೆ ಅಡ್ಡಿಯಿಲ್ಲ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಇದನ್ನು ನರ್ಸರಿಯ ಪ್ರತಿಯೊಬ್ಬರಿಗೂ ಮಾಡಿ ತೋರಿಸಿರಬೇಕು. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆಯವರೆಗೂ ಇರುವುದರಿಂದ ಪೌರಕಾರ್ಮಿಕರ ಮುಂಜಾನೆಯ ಹಾಜರಿ ಇವರಲ್ಲಿ ಹಲವರಿಗೆ ಆಗಿಬರುವುದಿಲ್ಲ. 9ರಿಂದ 1ರವರೆಗೆ ಎಂದು ಶುರು ಮಾಡಿ, ಮೂರು ತಿಂಗಳ ಮೇಲೆ ಪೂರ್ತಿ ದಿನಕ್ಕೆ ಏರಿಸುವುದನ್ನು ಸಮಂಜಸ ಹೊಂದಾಣಿಕೆ ಎಂದು ಲಿಖಿತವಾಗಿ ಕೇಳಬೇಕು. ಅದನ್ನು ಕೊಡಬೇಕಾದ ಹೊಣೆ ಸರ್ಕಾರಿ ಸಂಸ್ಥೆಯದ್ದು ಎಂದು 2016ರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಬಾಯಿಮಾತಿನಲ್ಲಿ ಒಪ್ಪಿಸಿಕೊಂಡರೆ ಅಧಿಕಾರಿ ವರ್ಗವಾದ ದಿನವೇ ಒಪ್ಪಂದವೂ ಹೋಗುತ್ತದೆ.

ತಿಂಗಳ ಕೊನೆ

ಹಾಜರಾತಿ ಯಂತ್ರ ಸಣ್ಣ ವಿಷಯ ಎನಿಸಬಹುದು, ಸಂಬಳ ಕತ್ತರಿಸುವುದು ಅದೇ. ಮಣ್ಣಿನ ಕೆಲಸದಿಂದ ಬೆರಳಚ್ಚು ಸವೆದು ಹೋಗುತ್ತದೆ. ಮುಖ ಗುರುತಿಸುವ ಆ್ಯಪ್ ಆದರೆ ಕ್ಯಾಮೆರಾ ಮುಂದೆ ಅಲುಗಾಡದೆ ನಿಲ್ಲಬೇಕು. ಮನೆಯಲ್ಲಿ ಅಣ್ಣನ ಫೋನಿನಲ್ಲಿ ಸೆಲ್ಫಿ ತೆಗೆಸುತ್ತ ಒಂದು ವಾರ ಅಭ್ಯಾಸ ಮಾಡಿಸಿ. ಎಷ್ಟು ಮಾಡಿದರೂ ಆಗದಿದ್ದರೆ ಪುಸ್ತಕದಲ್ಲಿ ಹೆಬ್ಬೆಟ್ಟೋ ಸಹಿಯೋ ಸಾಕು ಎಂಬ ವಿನಾಯಿತಿಯನ್ನು ಆದೇಶದಲ್ಲೇ ಬರೆಸಿಕೊಳ್ಳಿ.

ಬ್ಯಾಂಕ್ ಖಾತೆ ತೆರೆಯಲು ಹೋದಾಗ ‘ಗಾರ್ಡಿಯನ್ ಪತ್ರ ತನ್ನಿ’ ಎನ್ನುವುದುಂಟು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಆ ಪತ್ರವನ್ನು ಕೊಡುತ್ತದೆ. ನಿಜವಾಗಿ ಬೇಕಾದವರಿಗೆ ಅದು ಆಸರೆ. ಆದರೆ ಸಹಿ ಹಾಕಬಲ್ಲ, ನೂರು ರೂಪಾಯಿ ಎಂದರೇನು ಎಂದು ತಿಳಿದವರಿಗೆ ಖಾತೆಗೋಸ್ಕರ ಮಾತ್ರ ಪಾಲಕತ್ವ ಮಾಡಿಸುವುದನ್ನು ನಾವು ವಿರೋಧಿಸುತ್ತೇವೆ. ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವ ಹಕ್ಕು ಇತರರಷ್ಟೇ ಇವರಿಗೂ ಇದೆ ಎಂದು 2016ರ ಕಾಯ್ದೆಯ 13ನೇ ಕಲಮು ಹೇಳುತ್ತದೆ. 14ನೇ ಕಲಮಿನಲ್ಲಿ ಸೀಮಿತ ಪಾಲಕತ್ವವೂ ಇದೆ. ಅದರಲ್ಲಿ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಜೊತೆ ಕುಳಿತು ತೀರ್ಮಾನ ತೆಗೆದುಕೊಳ್ಳಬೇಕು. ಕಾಯ್ದೆಯ ಆ ಪುಟದ ನಕಲನ್ನು ಜೊತೆಗೆ ಒಯ್ಯಿರಿ. ಮ್ಯಾನೇಜರ್ ಜೊತೆ ವಾದಿಸುವುದಕ್ಕಿಂತ ಪುಟ ತೋರಿಸುವುದು ಬೇಗ ಮುಗಿಯುತ್ತದೆ.

ಹೊರಗುತ್ತಿಗೆಯಲ್ಲಿ ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಡಿತವಾಗುತ್ತಿದೆಯೇ ಎಂದು ಮೊದಲ ತಿಂಗಳಲ್ಲೇ ನೋಡಬೇಕು. ಇಎಸ್‌ಐಗೆ ಸಾಮಾನ್ಯರಿಗೆ ತಿಂಗಳ ವೇತನದ ಮಿತಿ 21,000 ರೂಪಾಯಿ, ವಿಕಲಚೇತನರಿಗೆ 25,000. ಕಾರ್ಮಿಕರಿಂದ ಶೇ. 0.75, ಮಾಲೀಕರಿಂದ ಶೇ. 3.25. ‘ಇವರಿಗೆ ಅದೆಲ್ಲ ಬೇಡ, ಕೈಗೆ ಜಾಸ್ತಿ ಬರುತ್ತೆ’ ಎಂದು ಏಜೆನ್ಸಿಯವರು ಹೇಳಿದರೆ ಒಪ್ಪಬೇಡಿ. ಥೈರಾಯ್ಡ್, ಹೃದಯ, ಮೂರ್ಛೆಯ ಔಷಧಿಗೆ ಮನೆಯವರು ಸುರಿಯುವ ಹಣವನ್ನು ಲೆಕ್ಕ ಹಾಕಿದರೆ ಇಎಸ್‌ಐ ಕಾರ್ಡಿನ ಬೆಲೆ ಗೊತ್ತಾಗುತ್ತದೆ. ವಿಕಲಚೇತನ ಪಿಂಚಣಿ ನಿಲ್ಲುತ್ತದೆಂಬ ಭಯದಿಂದ ಕೆಲಸ ಬೇಡ ಎನ್ನುವ ಮನೆಗಳೂ ಇವೆ. ಸೇರುವ ಮುಂಚೆಯೇ ನಾಡಕಚೇರಿಯಲ್ಲಿ ಆದಾಯ ಮಿತಿಯನ್ನು ಕೇಳಿ, ಎರಡರ ಲೆಕ್ಕವನ್ನೂ ಕಾಗದದ ಮೇಲೆ ಬರೆದು ಮನೆಯವರ ಮುಂದಿಡಬೇಕು.

ಸಂಬಳದ ಮರುದಿನ ಸಾಲ ಕೇಳುವವರು ಬರುತ್ತಾರೆ. ವಾರಕ್ಕಿಷ್ಟು ಎಂದು ನಾಲ್ಕು ಕವರ್‌ಗಳಲ್ಲಿ ಹಾಕಿಕೊಟ್ಟು, ಅದರಲ್ಲಿ ಒಂದು ಭಾಗವನ್ನಾದರೂ ಅವರಿಗೆ ಬೇಕಾದಂತೆ ಖರ್ಚು ಮಾಡಲು ಬಿಡಿ. ಸಂಬಳ ಪೂರ್ತಿ ಮನೆಗೆ ಹೋಗಿ, ಕೈಗೆ ಹತ್ತು ರೂಪಾಯಿಯೂ ಬರದಿದ್ದರೆ ಮೂರನೇ ತಿಂಗಳಿಗೆ ಕೆಲಸಕ್ಕೆ ಹೋಗುವುದಿಲ್ಲ ಎಂದು ಮೊಂಡು ಹಿಡಿಯುತ್ತಾರೆ. ಅದನ್ನು ಹಠ ಎಂದು ಬೈಯುವುದು ಅನ್ಯಾಯ.

ನಿಧಿ ಇದೆ

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳ ಬಜೆಟ್‌ನಲ್ಲಿ ಶೇ. 24.10 (ಪರಿಶಿಷ್ಟ ಜಾತಿ, ಪಂಗಡ), ಶೇ. 7.25 (ಇತರ ಬಡವರು) ಮತ್ತು ಶೇ. 5 ಎಂಬ ಮೂರು ತಲೆಬರಹಗಳಿವೆ. ಮೂರನೆಯದು ವಿಕಲಚೇತನರದ್ದು. ಅದರ ಹೆಚ್ಚಿನ ಪಾಲು ತ್ರಿಚಕ್ರ ವಾಹನ ಮತ್ತು ವೈದ್ಯಕೀಯ ನೆರವಿಗೆ ಹೋಗುತ್ತದೆ. ಅವೂ ಬೇಕು. ಆದರೆ ಬೌದ್ಧಿಕ ವಿಕಲತೆ ಇರುವವರಿಗೆ ತ್ರಿಚಕ್ರ ವಾಹನದಿಂದ ಏನೂ ಆಗುವುದಿಲ್ಲ; ಅವರಿಗೆ ಬೇಕಾದದ್ದು ಆರು ತಿಂಗಳ ಜಾಬ್ ಕೋಚ್. ಕ್ರಿಯಾ ಯೋಜನೆ ಸಿದ್ಧವಾಗುವ ಹೊತ್ತಿಗೆ, ಅಂದರೆ ಬಜೆಟ್‌ಗೆ ಮುಂಚೆಯೇ, ವಾರ್ಡಿನ ಸದಸ್ಯರ ಮೂಲಕ ಅರ್ಜಿ ಕೊಡಬೇಕು. ಎಷ್ಟು ಜನ, ಎಷ್ಟು ತಿಂಗಳು, ಕೋಚ್‌ಗೆ ಎಷ್ಟು, ಸಲಕರಣೆಗೆ ಎಷ್ಟು ಎಂದು ಒಂದೇ ಪುಟದಲ್ಲಿ. ಪೈಪ್ ತುಂಡು, ಕಡ್ಡಿ, ಡಬ್ಬಗಳಿಗೆ ಖರ್ಚು ನಗಣ್ಯ. ದೊಡ್ಡ ಮೊತ್ತ ಕೋಚ್‌ನ ಗೌರವಧನವೇ ಎಂಬುದನ್ನು ಮುಚ್ಚಿಡಬೇಡಿ. ವಿಕಲಚೇತನರಿಗಾಗಿ ಇರುವ ನಗರ ಪುನರ್ವಸತಿ ಕಾರ್ಯಕರ್ತರು ನಿಮ್ಮ ಊರಿನಲ್ಲಿದ್ದರೆ ಅರ್ಜಿಯ ಜಾಡು ಹಿಡಿಯಲು ಅವರಷ್ಟು ನೆರವಾಗುವವರು ಬೇರೆ ಇಲ್ಲ.

ಆರು ತಿಂಗಳು ದಾಟಿದ ಮೇಲೂ ಕೆಲಸ ಕೈಬಿಡುವುದು ಎರಡು ಸಂದರ್ಭಗಳಲ್ಲಿ: ಟೆಂಡರ್ ಬದಲಾದಾಗ, ಮೇಸ್ತ್ರಿ ಬದಲಾದಾಗ. ಹೊಸ ಏಜೆನ್ಸಿಯ ಪಟ್ಟಿಯಲ್ಲಿ ಹೆಸರು ತಾನಾಗಿ ಬರುವುದಿಲ್ಲ. ಇರುವ ವಿಕಲಚೇತನ ಕೆಲಸಗಾರರನ್ನು ಮುಂದುವರಿಸಬೇಕು ಎಂಬ ಷರತ್ತು ಟೆಂಡರ್ ದಾಖಲೆಯಲ್ಲೇ ಇರಬೇಕು. ಟೆಂಡರ್ ಕರೆದ ಮೇಲೆ ಅದನ್ನು ಸೇರಿಸಲಾಗುವುದಿಲ್ಲ. ಹಳೆಯ ಪಿಎಫ್ ಯುಎಎನ್ ಸಂಖ್ಯೆಯನ್ನೇ ಹೊಸ ಏಜೆನ್ಸಿಗೆ ಕೊಡಿ, ಇಲ್ಲದಿದ್ದರೆ ಇನ್ನೊಂದು ಸಂಖ್ಯೆ ಹುಟ್ಟಿಕೊಂಡು ಹಣ ಎರಡು ಕಡೆ ಹಂಚಿಹೋಗುತ್ತದೆ. ಮೇಸ್ತ್ರಿ ಬದಲಾದಾಗ ಕೆಲಸಕ್ಕೆ ಬರುವುದು ನರ್ಸರಿಯ ಸ್ಟೋರ್ ಬಾಗಿಲ ಒಳಗೆ ಅಂಟಿಸಿದ ಒಂದು ಹಾಳೆ. ಅದರಲ್ಲಿ ಕೆಲಸಗಾರರ ಹೆಸರು, ಅವರು ತಾವೇ ಮಾಡುವ ಕೆಲಸಗಳು, ಮಾಲಿ ಮಾಡಿಕೊಡಬೇಕಾದವು, ಹೇಗೆ ಹೇಳಿದರೆ ಅರ್ಥವಾಗುತ್ತದೆ, ಯಾವುದರಿಂದ ಗಾಬರಿಯಾಗುತ್ತಾರೆ, ಮನೆಯ ಫೋನ್ ಮತ್ತು ಕೋಚ್‌ನ ಫೋನ್ ಬರೆದಿರುತ್ತೇವೆ. ಮೂರ್ಛೆಯಂಥ ಆರೋಗ್ಯದ ವಿವರ ಮಾತ್ರ ಗೋಡೆಗೆ ಬೇಡ. ಅದನ್ನು ಮೇಸ್ತ್ರಿಗೂ ಜೊತೆಯ ಇಬ್ಬರಿಗೂ ನೇರವಾಗಿ ಹೇಳುತ್ತೇವೆ. ಹೊಸ ಮೇಸ್ತ್ರಿ ಬಂದ ವಾರ ಕೋಚ್ ಮತ್ತೆ ಮೂರು ದಿನ ಪೂರ್ತಿ ಅಲ್ಲಿರಬೇಕು.